ಅಡುಗೆಮನೆಯ ಬೆಲ್

ಮಂಗಳವಾರ, ಜೂನ್ 10

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನ ಮಂಡಿನೋವು ಇಳಿಯಿತಾ? ಮಕ್ಕಳಿಬ್ಬರೂ ಕಿತ್ತಾಡದೆ ಒಂದು ದಿನವಾದರೂ ಕಳೆದರಾ? ಕಾಗದ ಬರೆಯದೆ ಎರಡು ತಿಂಗಳಾಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಓದು. "ಫೋನ್ ಇರೋವಾಗ ಕಾಗದ ಬರೀತಾಳಲ್ಲ, ಹುಚ್ಚಿ" ಎಂದು ಭಾವ ನಗುತ್ತಾರೆ, ಗೊತ್ತು. ಫೋನಿನಲ್ಲಿ ನೀನು ಎರಡನೇ ಮಾತಿಗೇ "ಊಟ ಆಯ್ತಾ" ಅನ್ನುತ್ತೀಯ. ನಾನು ಹೇಳಬೇಕೆಂದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ.

ಮೊದಲು ಸುದ್ದಿ. ನನಗೆ ಕೆಲಸ ಸಿಕ್ಕಿದೆ ಅಕ್ಕ! ಅಂತಿಂಥ ಕಡೆ ಅಲ್ಲ. ನಿನ್ನ ಫೋನು, ಭಾವನ ಫೋನು, ಪಕ್ಕದ ಮನೆಯವರ ಫೋನು, ಯಾವುದನ್ನು ಒತ್ತಿದರೂ ಯಾರ ಗುರುತು ಮೊದಲು ಮೂಡುತ್ತದೋ ಆ ಕಂಪನಿಯಲ್ಲಿ. ಅವರ ಯಂತ್ರಗಳು ಎಲ್ಲಿ ಕೆಟ್ಟವು, ಯಾಕೆ ಕೆಟ್ಟವು ಎಂದು ಹುಡುಕುವ ಗುಂಪಿನಲ್ಲಿ. ಹೌದು, ನಾನೇ. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದು ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟು ಬಂದವಳು. "ನಿನ್ನ ತಲೇಲಿರೋದು ಮಿದುಳಲ್ಲ ಕಣೇ, ಹೊಟ್ಟು" ಎಂದಿದ್ದರಲ್ಲ ಮೇಷ್ಟ್ರು, ಎಲ್ಲಾದರೂ ಸಿಕ್ಕರೆ ಹೇಳು, ಹೊಟ್ಟಿಗೂ ಒಳ್ಳೇ ಕಾಲ ಬಂತು ಅಂತ.

ಹನ್ನೊಂದು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತವಳು ನಿನ್ನೆ ಮಾಲೀಕರಿಗೆ ವಿಷಯ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಹೋಗಮ್ಮ ಹೋಗು, ಅಲ್ಲಿ ಧೂಳು ಊದೋಕೆ ಬೇರೆ ಜನ ಇರ್ತಾರೆ" ಎಂದು ನಕ್ಕರು. ಆಮೇಲೆ ಕನ್ನಡಕ ಒರೆಸುವ ನೆಪದಲ್ಲಿ ಆಕಡೆ ತಿರುಗಿಕೊಂಡರು. ನನಗೂ ಅಳು ಬಂತು.

ಹೇಗೆ ಸಿಕ್ಕಿತು ಎಂದು ಕೇಳುತ್ತೀಯ. ಅಮ್ಮನಿಗಾಗಿ ನಾನು ಮಾಡಿದ್ದ ಬೆಲ್ ಪೆಟ್ಟಿಗೆ ನೆನಪಿದೆಯಲ್ಲ? ಬೆರಳಿಗೊಂದು ಕ್ಲಿಪ್ಪು, ಮಂಚದ ಪಕ್ಕ ಪೆಟ್ಟಿಗೆ, ಉಸಿರು ಇಳಿದರೆ ಅಡುಗೆಮನೆಯಲ್ಲಿ ಬೆಲ್ಲು. ಅಮ್ಮ ಹೋದಮೇಲೆ ಅದನ್ನು ಸರಿಪಡಿಸಿ, ಬೇಕಾದವರು ಪುಕ್ಕಟೆ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದೆ. ಹಾಸಿಗೆ ಹಿಡಿದವರಿರುವ ಎಷ್ಟೋ ಮನೆಗಳಲ್ಲಿ ಈಗ ಅದು ಓಡುತ್ತಿದೆಯಂತೆ. ಆ ಕಂಪನಿಯ ಹೆಂಗಸೊಬ್ಬರು ತಮ್ಮ ಮಾವನವರಿಗೆ ಬಳಸಿದ್ದರು. ಅವರೇ ಕರೆಸಿದ್ದು.

ಐದನೇ ಮಹಡಿ, ಗಾಜಿನ ಕೋಣೆ, ಮೂರು ಜನ. ಅರ್ಜಿಯಲ್ಲಿ ವಿದ್ಯಾರ್ಹತೆಯ ಜಾಗದಲ್ಲಿ "ಪೂರ್ತಿಯಾಗಿಲ್ಲ" ಎಂದು ಬರೆದಿದ್ದೆ. ಆ ಹೆಂಗಸು, ನಿನ್ನ ವಯಸ್ಸಿನವರೇ, ಅದನ್ನು ಓದಿ ಪಕ್ಕಕ್ಕಿಟ್ಟರು. "ಮಾರ್ಕ್ಸ್ ಕಾರ್ಡ್ ತಗೊಂಡು ನಾನೇನ್ ಮಾಡ್ಲಿ? ನೀವು ಮಾಡಿದ್ದು ಯಾವಾಗ್ಲಾದ್ರೂ ಕೈ ಕೊಟ್ಟಿದ್ಯಾ? ಅದನ್ನ ಹೇಳಿ" ಎಂದರು. ಅಲ್ಲಿ ಒಂದು ಪದ್ಧತಿ ಇದೆ ಅಕ್ಕ. ಏನಾದರೂ ಕೆಟ್ಟರೆ ಕೂತು ವರದಿ ಬರೆಯುತ್ತಾರೆ, ಆದರೆ ಅದರಲ್ಲಿ ಯಾರ ಹೆಸರೂ ಇರುವಂತಿಲ್ಲ. "ಯಾರು ಅಂತ ನಾವು ಕೇಳಲ್ಲ. ಏನಾಯ್ತು, ಯಾಕಾಯ್ತು, ಇನ್ಮೇಲೆ ಆಗದ ಹಾಗೆ ಏನ್ ಮಾಡಿದ್ರಿ, ಅಷ್ಟೇ."

ನಾನು ಬೆಲ್ ಪೆಟ್ಟಿಗೆಯ ಕಥೆಯನ್ನೇ ಹೇಳಿದೆ. ಅಮ್ಮನನ್ನು "ರೋಗಿ" ಎಂದೆ. ನಿನ್ನನ್ನು "ನೋಡಿಕೊಳ್ಳುವವರು" ಎಂದೆ. ಗೋಡೆಯ ಬೋರ್ಡಿನ ಮೇಲೆ ನಿಮಿಷ ನಿಮಿಷದ ಲೆಕ್ಕ ಬರೆದೆ. ನನ್ನ ದನಿ ಒಂದು ಸಲವೂ ನಡುಗಲಿಲ್ಲ, ಅದೇ ನನಗೆ ಈಗ ಭಯ ಹುಟ್ಟಿಸುತ್ತಿದೆ. ಮುಗಿದಮೇಲೆ ಆ ಹೆಂಗಸು ಕೇಳಿದರು: "ನೋಡ್ಕೊಳ್ತಿದ್ದೋರಿಗೆ ಇದು ಗೊತ್ತಾ?"

"ಹ್ಞೂಂ, ಹೇಳಿದೀನಿ" ಎಂದೆ.

ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಜಾಣರು ಬೇಕಾದಷ್ಟು ಜನ ಬರ್ತಾರೆ. ಆದ್ರೆ ತಪ್ಪನ್ನ ಹೋಗಿ ಹೇಳ್ಕೊಂಡು ಬಂದೋರು ಸಿಗೋದು ಕಷ್ಟ. ನಿಮ್ಮನ್ನ ತಗೊಂಡಿದ್ದು ಆ ಕೊನೇ ಉತ್ತರಕ್ಕೆ" ಎಂದರು. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ. ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ ಅಕ್ಕ. ಆ ಕಟ್ಟಡದ ಲಿಫ್ಟ್ ಬಾಗಿಲು ತೆರೆದಾಗ ಎರಡು ಸಲ ಟಿಣ್ ಅನ್ನುತ್ತದೆ, ನಮ್ಮ ಬೆಲ್ಲಿನ ದನಿಯೇ. ಸಹಿ ಹಾಕಲು ಹೋದ ದಿನ ಐದು ಮಹಡಿಯನ್ನೂ ಮೆಟ್ಟಿಲು ಹತ್ತಿಕೊಂಡೇ ಹೋದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಧ್ಯಾಹ್ನ ಮೂರು ದಾಟಿತೆಂದರೆ ನನ್ನ ಕಿವಿ ತಾನಾಗಿ ನಿಮಿರುತ್ತದೆ. ಹೊಡೆಯದ ಬೆಲ್ಲಿಗೆ ಕಾಯುತ್ತಾ ಕೂರುತ್ತೇನೆ.

ನಿನ್ನ ಸುದ್ದಿಯೂ ನನಗೆ ಬರುತ್ತದೆ. ಅಮ್ಮ ಹೋದ ಈ ಮೂರು ವರ್ಷದಿಂದ ಹಗಲು ಹೊತ್ತು ನೀನು ದಿಂಬಿಗೆ ತಲೆ ಕೊಟ್ಟಿಲ್ಲವಂತೆ. ಜ್ವರ ಬಂದಾಗಲೂ ಕುರ್ಚಿಯಲ್ಲೇ ಕೂತಿದ್ದೆಯಂತೆ. "ನಿಮ್ಮಕ್ಕ ಬಾಗಿಲ ಬೆಲ್ಲಿನ ವೈರೂ ಕಿತ್ತುಹಾಕಿದಾಳೆ, ಬಂದವರು ಬಾಗಿಲು ಬಡೀಬೇಕು" ಎಂದರು ಭಾವ. ಅಮ್ಮ ಹೋದ ಮಾರನೇ ದಿನ ಚಿಕ್ಕಮ್ಮ ತುಂಬಿದ ಮನೆಯಲ್ಲಿ ಕೇಳಿದ್ದರಲ್ಲ, "ಬೆಲ್ ಕೇಳಿಸದಷ್ಟು ನಿದ್ದೇನೇನೇ ನಿಂಗೆ?" ನೀನು ತಲೆ ತಗ್ಗಿಸಿ "ಹೌದು ಚಿಕ್ಕಮ್ಮ, ಕೇಳಿಸ್ಲಿಲ್ಲ" ಎಂದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.

ಸೋಮವಾರ ಕೆಲಸಕ್ಕೆ ಸೇರಬೇಕು. ಈ ಕಾಗದ ಶನಿವಾರದೊಳಗೆ ನಿನ್ನ ಕೈಸೇರುತ್ತದೆ ಎಂದು ಅಂಚೆ ಕಚೇರಿಯವರು ಹೇಳಿದ್ದಾರೆ. ಮಕ್ಕಳಿಗೆ ನನ್ನ ಮುತ್ತು, ಚೆನ್ನಾಗಿ ಓದಲಿ, ಓದದಿದ್ದರೂ ಚೆನ್ನಾಗಿರಲಿ. ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದವನ್ನು ಈಗ ಕೇಳುವುದಿಲ್ಲ. ಪೂರ್ತಿ ಓದಿ, ಕೊಡಬೇಕೆನಿಸಿದರೆ ಕೊಡು.

ಇಂತು ನಿನ್ನ
ಡುಮ್ಕಿ ರಾಣಿ

ತಾ.ಕ.: ಈ ಕಾಗದ ತೆಗೆದದ್ದೇ ಇದನ್ನು ಬರೆಯಲು. ಅಷ್ಟೆಲ್ಲ ಹರಟಿದೆ, ಇದಕ್ಕೆ ಮಾತ್ರ ಕೈ ಬರಲಿಲ್ಲ.

ಅಕ್ಕ, ಆವತ್ತು ಬೆಲ್ ಹೊಡೆಯಲೇ ಇಲ್ಲ.

ಕ್ಲಿಪ್ಪು ಜಾರಿದಾಗಲೆಲ್ಲ ಅದು ಸುಮ್ಮಸುಮ್ಮನೆ ಬಡಿದುಕೊಳ್ಳುತ್ತಿತ್ತು. ನೀನು ಒದ್ದೆ ಕೈಯಲ್ಲೇ ಓಡಿ ಬಂದು, ಕ್ಲಿಪ್ಪು ಸರಿಮಾಡಿ, "ಏನೂ ಇಲ್ಲ" ಎಂಬ ಗುಂಡಿ ಒತ್ತಿ ಹೋಗುತ್ತಿದ್ದೆ. ನಿನ್ನ ಕಣ್ಣ ಕೆಳಗಿನ ಕಪ್ಪು ನೋಡಲಾರದೆ, ಅಮ್ಮ ಹೋಗುವ ಹಿಂದಿನ ಭಾನುವಾರ ನಿನಗೆ ಒಂದು ಮಾತೂ ಹೇಳದೆ ಒಂದು ನಿಯಮ ಸೇರಿಸಿದೆ: ಒಂದು ಗಂಟೆಯಲ್ಲಿ ಮೂರು ಸಲ ಆ ಗುಂಡಿ ಒತ್ತಿದರೆ, ಇಪ್ಪತ್ತು ನಿಮಿಷ ಹೊಡೆಯಬೇಡ. ನಿನಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದು. ಆವತ್ತು ಮೂರು ಸಲವೂ ನೀನು ಎದ್ದು ಬಂದಿದ್ದೀಯ. ಮೂರನೆಯದು ಮೂರು ಗಂಟೆ ಹತ್ತು ನಿಮಿಷಕ್ಕೆ. ಅಮ್ಮನ ಉಸಿರು ಇಳಿಯತೊಡಗಿದ್ದು ಮೂರು ಹದಿನಾಲ್ಕಕ್ಕೆ. ಇಪ್ಪತ್ತು ನಿಮಿಷ ತೀರುವ ಮೊದಲೇ ನೀನು ಜೋಂಪಿನಿಂದ ನೀನಾಗಿಯೇ ಎದ್ದು ಬಂದೆ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಪೆಟ್ಟಿಗೆ ನಾನು ಹೇಳಿದಂತೆಯೇ ಸುಮ್ಮನಿತ್ತು.

ಆ ಸಂಜೆಯೇ ಪೆಟ್ಟಿಗೆಯ ದಾಖಲೆ ತೆಗೆದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಮಾರನೇ ದಿನ ಚಿಕ್ಕಮ್ಮ ನಿನ್ನನ್ನು ಕೇಳಿದಾಗ ಆ ಚೀಟಿ ನನ್ನ ಮುಷ್ಟಿಯಲ್ಲೇ ಇತ್ತು. ಬಾಯಿ ಬಿಡಲಿಲ್ಲ. ಮೂರು ವರ್ಷ ಬಿಡಲಿಲ್ಲ. ಗುರುತಿಲ್ಲದ ಮೂವರ ಮುಂದೆ ಬಿಟ್ಟು, ಅದರಿಂದ ಕೆಲಸ ಗಿಟ್ಟಿಸಿಕೊಂಡು ಬಂದೆ.

ಚೀಟಿ ಇದರ ಜೊತೆಗಿದೆ. ಚಿಕ್ಕಮ್ಮನಿಗೂ ತೋರಿಸು. ಕಂಪನಿಯ ವರದಿಯಲ್ಲಿ ಯಾರು ಎಂದು ಬರೆಯುವಂತಿಲ್ಲ. ಇದು ಮನೆಯ ಕಾಗದ, ಅದಕ್ಕೇ ಬರೆಯುತ್ತಿದ್ದೇನೆ: ನಾನು. ಸೋಮವಾರ ಆ ಬಾಗಿಲು ದಾಟುವ ಮೊದಲು ನಾನಂದ "ಹ್ಞೂಂ" ನಿಜವಾಗಿರಲಿ. ಆಮೇಲೂ ಆ ಹೆಂಗಸಿಗೆ ಅದು ಆವತ್ತು ಸುಳ್ಳಾಗಿತ್ತೆಂದು ಹೇಳುತ್ತೇನೆ. ಕೆಲಸ ಉಳಿದರೆ ಉಳಿಯಲಿ.

ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ. ಮೇಲೆ ಈಗಲೇ ಬೈದುಬಿಡು ಎಂದಿದ್ದೆ, ಅದು ಬೇಡ. ಚೀಟಿ ಓದು, ಕಿಟಕಿಯ ಪರದೆ ಎಳೆ, ಸ್ವಲ್ಪ ಹೊತ್ತು ಮಲಗು ಅಕ್ಕ. ಎದ್ದಮೇಲೆ ಬೈ.