ಚೀಟಿ ಇಲ್ಲದ ರೋಗಿ

ಐವಾನ್-ಎ-ಶಾಹಿ, ಕಲಬುರಗಿ
9 ಡಿಸೆಂಬರ್ 2024

ನನ್ನ ಅಕ್ಕನಿಗೆ ನಮಸ್ಕಾರ.

ನೀನು ಕಮಲಾಪುರಕ್ಕೆ ಮರಳಿದ ಮೇಲೆ ಕಳಿಸಿದ ಕೆಂಪು ಬಾಳೆಹಣ್ಣು ತಲುಪಿತು. ನಿನ್ನ ಮಗಳು ಅಂಬಿಕಾ ನಮ್ಮ ಮನೆಯ ಮಂಚದ ಮೇಲೆ ಕುಳಿತೇ ನಾಲ್ಕು ತಿಂದಳು. ಜತೆಗೆ ನೀನು ಹೇಳಿಕಳಿಸಿದ ಮಾತೂ ಬಂತು: "ಪೊಲೀಸ್ ಆಗ್ತೀನಂತ ಓಡಿ ಓಡಿ ಕಾಲು ಮುರಕೊಂಡಾಳ. ಇನ್ನ ಸಾಕು, ಆ ಬೂಟು ಒಲಿಗಿ ಹಾಕು." ಅದಕ್ಕೇ ಈ ಪತ್ರ. ಫೋನಿನಲ್ಲಾದರೆ "ಇರ್ಲಿ ಬಿಡವಾ" ಎಂದು ನಡುವೆಯೇ ನನ್ನ ಬಾಯಿ ಮುಚ್ಚಿಸುತ್ತಿ.

ಮೊದಲು ಅವಳ ಸುದ್ದಿ. ಮುರಿದದ್ದು ತೊಡೆಯೆಲುಬಿನ ಕುತ್ತಿಗೆ, ಸೊಂಟದ ಕೀಲಿನಲ್ಲಿ. ಮುದುಕರು ಬಚ್ಚಲಲ್ಲಿ ಜಾರಿ ಮುರಿದುಕೊಳ್ಳುವ ಜಾಗ. ಇಪ್ಪತ್ತಮೂರರ ಹುಡುಗಿಯಲ್ಲಿ ಅಪರೂಪ. ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರು ಡಾ. ಬುರ್ಹಾನುದ್ದೀನ್ ಬಿದ್ದ ದಿನವೇ ಮೂರು ಸ್ಕ್ರೂ ಹಾಕಿ ಕೂಡಿಸಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬೀಳಬಾರದು. ಎಲುಬಿನ ತಲೆಗೆ ರಕ್ತ ಸರಿಯಾಗಿ ಹೋಗುತ್ತದೆಯೇ ಎಂದು ಎರಡು ವರ್ಷ ನೋಡುತ್ತಿರಬೇಕು. ಆಮೇಲೆ ಓಡುವ ಮಾತು.

ಈಗ ನನ್ನ ಸುದ್ದಿ. ಕಳೆದ ತಿಂಗಳು ತೊಡೆಸಂದು ನೋಯುತ್ತದೆಂದು ಅಂಬಿಕಾ ಎಕ್ಸ್‌ರೇ ತೆಗೆಸಿ ನನ್ನ ಫೋನಿಗೆ ಕಳಿಸಿದ್ದಳು. ಏನೂ ಕಾಣಲಿಲ್ಲ. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಕಾಣುವುದಿಲ್ಲ, ಎಂಆರ್‌ಐ ಬೇಕು ಎಂದು ಮೆಡಿಕಲ್ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳುತ್ತೇನೆ. ಅವಳಿಗೆ ಹೇಳಿದ್ದು, "ನರ ಹಿಡದದ ಅಷ್ಟ, ಒಂದು ವಾರ ಬಿಟ್ಟು ಓಡು." ಎಂಟನೆಯ ದಿನ ಓಡಿದಳು. ಕುಸನೂರ ಕಡೆಯ ಮೈದಾನದಲ್ಲಿ ಬಿದ್ದಳು.

ಬೇರೆಯವರ ಹುಡುಗಿಯಾಗಿದ್ದರೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸಾಲಿನಲ್ಲಿ ಕಾದು, ನನ್ನ ಮೇಜಿನ ಮೇಲೆ ಮಲಗುತ್ತಿದ್ದಳು. ಕಾಲು ತಿರುಗಿಸಿ ನೋಡುತ್ತಿದ್ದೆ. ಊಟ, ಮುಟ್ಟು ಕೇಳುತ್ತಿದ್ದೆ. ಅವಳು ತೂಕ ಇಳಿಸಲು ಅರೆಹೊಟ್ಟೆ ಉಂಡು ಓಡುತ್ತಿದ್ದಳು. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತು. ಎಲುಬು ಸೋಲುವುದು ಹಾಗೆಯೇ. ನಮ್ಮವರಿಗೆ ಚೀಟಿ ಯಾಕೆ ಎಂಬುದು ನಮ್ಮ ಮನೆಯ ರೂಢಿ. ಡಾ. ಬುರ್ಹಾನುದ್ದೀನ್ "ಮೊದ್ಲು ಇಕಿಗಿ ಯಾರ್ ನೋಡ್ಯಾರ್ರಿ ಮೇಡಂ?" ಎಂದು ಕೇಳಿದಾಗ "ಯಾರೂ ನೋಡಿಲ್ರಿ" ಎಂದೆ. ಅದು ಸುಳ್ಳೋ ನಿಜವೋ ನನಗಿನ್ನೂ ತಿಳಿಯುತ್ತಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ. ಬೂಟು ಒರೆಸಿ ನನ್ನ ಕಪಾಟಿನಲ್ಲಿಟ್ಟಿದ್ದೇನೆ.

ನಿನ್ನ ತಂಗಿ,
ಭುವನೇಶ್ವರಿ

ತಾ.ಕ.: ಇದನ್ನು ಬರೆಯಬೇಡ ಎಂದು ಅಂಬಿಕಾ ಕೈ ಹಿಡಿದಳು. "ಸಣ್ಣವ್ವ, ನಿನಗ ತೋರಿಸೇ ಇಲ್ಲಂತ ಅವ್ವಗ ಹೇಳೀನಿ. ನನಗ ಬೈದ್ರ ನಾಕು ದಿನಕ್ಕ ಮರೀತಾಳ. ನಿನ್ನ ಕೂಡ ಮಾತು ಬಿಟ್ರ ಹಬ್ಬಕ್ಕ ನಾ ಯಾರ ಮನಿಗಿ ಬರಲಿ?" ಎಂದಳು. ಹನ್ನೊಂದು ದಿನ ಅವಳ ಮರೆಯಲ್ಲೇ ನಿಂತಿದ್ದೆ, ಅಕ್ಕ. ಇವತ್ತು ಆಸ್ಪತ್ರೆಯ ಫೈಲಿನಲ್ಲಿ ‘ಮೊದಲು ನೋಡಿದವರು’ ಎಂದು ಖಾಲಿ ಬಿಟ್ಟಿದ್ದ ಕಡೆ ನನ್ನ ಹೆಸರು ಬರೆದು ಬಂದೆ.