ಗೆರೆ ಮುಟ್ಟಿದ ಬಾಣ

ಮುಡಬಿ

ಸೊಸೆ ಪ್ರಣಿತಾಗೆ ನಿನ್ನ ಅತ್ತೆಯ ಜೈ ಭೀಮ್.

ರಾತ್ರಿ ಕೆಟ್ಟ ಕನಸು ಬಿತ್ತು. ಹುಮನಾಬಾದದ ಬಿಲ್ಲಿನ ಸ್ಪರ್ಧೆಯಲ್ಲಿ ನೀನು ಬಿಟ್ಟ ಬಾಣ ಬಾಜೂದವಳ ಹಲಗೆಗೆ ನಟ್ಟಿತ್ತು. ಹಾಗಾದರೆ ಅಂಕವೇ ಇಲ್ಲವಂತೆ, ನಿನ್ನ ಗಂಡ ನಿಯಮ ಓದಿ ಹೇಳಿದ.

ಬಾಣ ಹಲಗೆಯ ಎರಡು ಸುತ್ತಿನ ನಡುವಿನ ಗೆರೆ ಮುಟ್ಟಿದರೆ ಒಳಸುತ್ತಿನ ದೊಡ್ಡ ಅಂಕ ಕೊಡಬೇಕು ಅಂತಲೂ ಅದರಲ್ಲಿ ಐತಂತೆ. ಅದನ್ನು ಕೇಳಿ ನನಗೆ ಚಿಂತೆ ಹೆಚ್ಚಾಯಿತು. ಮನೆಯಲ್ಲಿ ಹರಿದ ರೊಟ್ಟಿ ನೀನಿಟ್ಟುಕೊಂಡು ಚಲೋದು ನಮಗೆ ಹಾಕುತ್ತಿ. ಕೇಳಿದರೆ, "ಇರಲಿ ಬಿಡ್ರಿ ಅತ್ತಿ, ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದೇ" ಅಂತಿ. ಗೆರೆ ಮುಟ್ಟಿದ ಬಾಣಕ್ಕೆ ಕಡಿಮೆ ಅಂಕ ಬರೆದರೆ ಅಲ್ಲಿ ಹಾಂಗ ಅನಬ್ಯಾಡ. ನಿನ್ನ ಎದುರು ಆಡುವ ಹುಡುಗಿ ಸಿಟ್ಟಾದರೂ ಆಗಲಿ, ಅಂಪೈರನನ್ನು ಕರೆ.

ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇಟ್ಟೇನಿ, ಎಲ್ಲಾ ಹಂಚಬ್ಯಾಡ, ನೀನೂ ತಿನ್ನು.

ಹಲಗೆಯಿಂದ ಬಾಣ ಕಿತ್ತ ಮೇಲೆ ಅಂಪೈರನಿಗೆ ಏನೂ ತೋರಿಸಲಿಕ್ಕೆ ಬರೋದಿಲ್ಲ. ಬಾಣ ಕೀಳುವ ಮೊದಲು, ಗೆರೆ ಮುಟ್ಟೈತೇನು ಅಂತ ಇನ್ನೊಂದು ಸಲ ನೋಡವ್ವ.

ನಿನ್ನ ಅತ್ತೆ,
ಸೋನುಬಾಯಿ