ಚಿಕ್ಕ ಕೊಳದ ಮೀನುಗಳು

ಕೊಳದ ದಂಡೆಯ ಮನೆ,
ಭಾನುವಾರ, ಜೂನ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಜುಗಡ್ಡೆ ಕಾರ್ಖಾನೆಯ ಥಂಡಿಯಲ್ಲಿ ದಿನವಿಡೀ ನಿಂತರೆ ನಿನ್ನ ಕೆಮ್ಮು ಮತ್ತೆ ಏಳುತ್ತದೆ ಎಂದು ಅಮ್ಮ ಕೊರಗುತ್ತಾಳೆ. ಅವಳು ಹೆಣೆದುಕೊಟ್ಟ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಪೆಟ್ಟಿಗೆಯಲ್ಲೇ ಮಡಚಿಟ್ಟಿದ್ದೀಯೋ? ಅವಳ ಮಂಡಿನೋವು ಪರವಾಗಿಲ್ಲ. ಅಪ್ಪ ಮಾತ್ರ ಬದಲಾಗಿಲ್ಲ. ನಿನ್ನ ಹೆಸರೆತ್ತಿದರೆ ಸಾಕು, "ಔಷಧಿ ಸುರಿದು ಚಿಕ್ಕ ಕೊಳದ ಮೀನನ್ನೆಲ್ಲ ಕೊಂದೋನ ಸುದ್ದಿ ನನಗ್ಯಾಕೆ" ಎಂದು ತಟ್ಟೆ ಸರಿಸಿ ಎದ್ದುಬಿಡುತ್ತಾರೆ. ಆ ಕೊಳ ಹೋದ ವರ್ಷದಿಂದ ಖಾಲಿಯೇ ಇದೆ.

ದೊಡ್ಡ ಕೊಳದ ಮೀನುಗಳು ಚೆನ್ನಾಗಿವೆ. ಈಗ ಆಹಾರ ಕಲಸುವವಳು ನಾನೇ. ರೋಗ ಬಾರದಿರಲೆಂದು ಬೆಳ್ಳುಳ್ಳಿ ಅರೆದು, ಸೋಸಿ, ಒಂದು ಕಿಲೋ ಆಹಾರಕ್ಕೆ ಒಂದೇ ಚಮಚ ರಸ. ಅದು ನೀರಿಗೆ ಬಿಟ್ಟುಕೊಳ್ಳದಂತೆ ಮೇಲೆ ಸ್ವಲ್ಪ ಎಣ್ಣೆ. ಆಮೇಲೆ ನೆರಳಿನಲ್ಲಿ ಒಣಗಿಸುವುದು. ಇಷ್ಟು ತಾಳ್ಮೆ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಿನ್ನಂತೆಯೇ ಬಕೆಟ್ಟಿನ ಅಂಚಿಗೆ ಮೂರು ಸಲ ಬಡಿದು ಕರೆಯುತ್ತೇನೆ. ಬರುತ್ತವೆ, ಆದರೆ ನಿನಗೆ ಮುಗಿಬೀಳುತ್ತಿದ್ದ ಹಾಗಲ್ಲ. ಕರೆದರಲ್ಲ ಎಂದು ಮುಖ ತೋರಿಸಿ ಹೋಗುವ ನೆಂಟರ ಹಾಗೆ.

ಮೀನಿಗೆ ಗಿಡಮೂಲಿಕೆ ಮದ್ದು ಹೇಳುವ ನನ್ನ ಕಿರುಹೊತ್ತಿಗೆಗಳು ಈಗಲೂ ಹಾಸಿಗೆಯ ಕೆಳಗಿವೆ. ಪುಡಿ ಔಷಧಿಯನ್ನು ಕಂಡಕಂಡಂತೆ ಸುರಿಯುವುದು ತಪ್ಪು, ಗಿಡದಲ್ಲಿ ಗುಣವಿದೆ. ಇದರಲ್ಲಿ ಒಂದಕ್ಷರವನ್ನೂ ಹಿಂದೆಗೆಯುವುದಿಲ್ಲ. ಆದರೆ ಚಿಕ್ಕ ಕೊಳದ ಮೀನು ಸತ್ತು ತೇಲಿದ ಆ ಬೆಳಿಗ್ಗೆ, ಅಕ್ಕಪಕ್ಕದ ಕೊಳದವರೆಲ್ಲ ದಂಡೆಯ ಮೇಲೆ ಸೇರಿದ್ದಾಗ, ಸತ್ತ ಮೀನೊಂದನ್ನು ಎತ್ತಿಹಿಡಿದು ನಿನ್ನನ್ನು ವಿಷದ ವ್ಯಾಪಾರಿ ಎಂದೆನಲ್ಲ. ಮಾತು ಆಡಿದರೆ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ನನ್ನದು ಹೋಗಲೇ ಇಲ್ಲ, ನನ್ನ ಕಿವಿಯಲ್ಲೇ ಕೂತಿದೆ. ನೀನು ತಿರುಗಿ ಬೈಯಲಿಲ್ಲ. "ಓದಿದವಳು ನೀನು, ಲಾಯರಮ್ಮ. ನಾನಂತೂ ಅಳತೆ ನೋಡೇ ಹಾಕಿದ್ದು" ಎಂದು ಕೈ ತೊಳೆದುಕೊಂಡೆ, ಅಷ್ಟೇ. ಮರುದಿನ ನಿನ್ನ ಚಪ್ಪಲಿ ಬಾಗಿಲಲ್ಲಿರಲಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಬೆಕ್ಕು ನಿನ್ನ ಹಾಸಿಗೆಯನ್ನು ತನ್ನದೇ ಮಾಡಿಕೊಂಡಿದೆ; ಬಂದು ಬಿಡಿಸಿಕೋ.

ನಿನ್ನ ತಂಗಿ,
ಲಾಯರಮ್ಮ

ತಾ.ಕ.: ಆ ಮೀನುಗಳನ್ನು ಕೊಂದದ್ದು ನಿನ್ನ ಪುಡಿಯಲ್ಲ, ನಾನು. ಹಿಂದಿನ ಸಂಜೆ ಯಾರಿಗೂ ಹೇಳದೆ ಆಹಾರಕ್ಕೆ ಬೇವಿನ ಕಷಾಯ ಬೆರೆಸಿ ಹಾಕಿದ್ದೆ. ಕಹಿಗೆ ಅವು ಮೂಸಿಯೂ ನೋಡಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಉಳಿದ ಎರಡು ಬಕೆಟ್ ಕಷಾಯವನ್ನು ಚಿಕ್ಕ ಕೊಳಕ್ಕೇ ಸುರಿದೆ. ಯಾವ ಹೊತ್ತಿಗೆಯಲ್ಲೂ ಹಾಗೆ ಮಾಡಿ ಎಂದು ಇರಲಿಲ್ಲ. ಮೀನು ತೇಲಿದ್ದನ್ನು ಕಂಡಾಗಲೇ ನನಗೆ ಗೊತ್ತಾಯಿತು. ಗೊತ್ತಿದ್ದೇ ಭಾಷಣ ಮಾಡಿದೆ. ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಅಪ್ಪನ ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಅವರು ಮಧ್ಯಾಹ್ನದ ನಿದ್ದೆಯಿಂದ ಏಳುವುದರೊಳಗೆ ಈ ಪತ್ರ ಅಂಚೆಪೆಟ್ಟಿಗೆಗೆ ಬೀಳಬೇಕು. ಇಲ್ಲದಿದ್ದರೆ ಎರಡನ್ನೂ ಹರಿದುಹಾಕುತ್ತೇನೆ, ನನ್ನನ್ನು ನಾನು ಬಲ್ಲೆ.